ಓದುಗರ ಪ್ರಶ್ನೆ, ನಮ್ಮ ಉತ್ತರ: ವಿಜಯಪುರದ ರೈಲು ನಿಲ್ದಾಣ

ಗದಗ–ಹೋಟಗಿ ರೈಲು ಮಾರ್ಗದ ಬಗ್ಗೆ ಈ ಅಂಕಣದಲ್ಲಿ ಪತ್ರವೊಂದಕ್ಕೆ ಉತ್ತರಿಸಿದ ಮೇಲೆ ಅದೇ ವಿಷಯವಾಗಿ ಹಲವು ಓದುಗರು ಬರೆದಿದ್ದಾರೆ. ಎಲ್ಲ ಪ್ರಶ್ನೆಗಳೂ ಸುತ್ತಿ ಬಳಸಿ ವಿಜಯಪುರ ನಿಲ್ದಾಣಕ್ಕೇ ಬಂದು ನಿಲ್ಲುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೆ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಗೋಳಗುಮ್ಮಟ ನೋಡಲು ಬರುವವರ ಅನುಕೂಲಕ್ಕಾಗಿ ಬ್ರಿಟಿಷರು ನಮ್ಮೂರಿಗೆ ರೈಲು ತಂದರು ಎಂದು ಮನೆಯ ಹಿರಿಯರು ಹೇಳುತ್ತಾರೆ. ಇದು ನಿಜವೇ? ನಿಲ್ದಾಣವನ್ನು ಕೋಟೆ ಗೋಡೆಯ ಹೊರಗೆ ಕಟ್ಟಿದ್ದೇಕೆ?
— ಪದವಿ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ರೈಲು ಬಂದದ್ದು ಪ್ರವಾಸಿಗರಿಗಾಗಿ ಅಲ್ಲ, ಬರಗಾಲದ ಕಾರಣಕ್ಕಾಗಿ. 1876ರಿಂದ 1878ರವರೆಗೆ ದಖ್ಖನ್ ಮತ್ತು ದಕ್ಷಿಣ ಭಾರತವನ್ನು ಕಾಡಿದ ಮಹಾ ಬರಗಾಲದಲ್ಲಿ ಅತಿ ಹೆಚ್ಚು ನೊಂದ ಪ್ರದೇಶಗಳಲ್ಲಿ ನಮ್ಮ ಜಿಲ್ಲೆಯೂ ಒಂದು. ಆಗ ಅದಕ್ಕೆ ಕಲಾದಗಿ ಜಿಲ್ಲೆ ಎಂಬ ಹೆಸರಿತ್ತು. 1872ರ ಜನಗಣತಿಯಲ್ಲಿ ಇದ್ದಷ್ಟು ಜನ 1881ರ ಗಣತಿಯಲ್ಲಿ ಇಲ್ಲಿ ಉಳಿದಿರಲಿಲ್ಲ. ಸಾಮಾನ್ಯವಾಗಿ ಏರಬೇಕಾದ ಜನಸಂಖ್ಯೆ ಗಣನೀಯವಾಗಿ ಇಳಿದಿತ್ತು. ಸತ್ತವರೆಷ್ಟೋ, ಊರು ಬಿಟ್ಟು ಹೋದವರೆಷ್ಟೋ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮುಂಬಯಿ ಕಡೆಯ ದೊಡ್ಡ ರೈಲು 1860ರ ವೇಳೆಗೇ ಸೊಲ್ಲಾಪುರ ತಲುಪಿತ್ತು. ಹಾಗಾಗಿ ಧಾನ್ಯವನ್ನು ಸೊಲ್ಲಾಪುರದವರೆಗೆ ತರುವುದು ಕಷ್ಟವಾಗಿರಲಿಲ್ಲ. ಅಲ್ಲಿಂದ ಭೀಮೆಯನ್ನು ದಾಟಿಸಿ ಇಂಡಿ, ವಿಜಯಪುರ, ಬಾಗೇವಾಡಿ, ಬಾಗಲಕೋಟೆಯ ಹಳ್ಳಿಗಳಿಗೆ ಮುಟ್ಟಿಸುವುದೇ ಕಷ್ಟವಾಗಿತ್ತು. ಆ ಕಾಲಕ್ಕೆ ಸಾಗಣೆ ಎಂದರೆ ಎತ್ತಿನ ಗಾಡಿ. ಮಳೆ ಇಲ್ಲದ ವರ್ಷದಲ್ಲಿ ಮೇವೂ ಇಲ್ಲ, ದಾರಿಯಲ್ಲಿ ನೀರೂ ಇಲ್ಲ. ಎತ್ತುಗಳೇ ಬಿದ್ದುಹೋದ ಮೇಲೆ ಗಾಡಿ ಎಳೆಯುವವರು ಯಾರು? ಡೋಣಿ ಹೊಳೆಯ ಬಯಲು ಚೆನ್ನಾಗಿ ಬೆಳೆದರೆ ಸಾಕು ಎಂಬರ್ಥದಲ್ಲಿ, ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎನ್ನುವ ನಾಡು ಇದು. ಆ ಡೋಣಿ ಕೈಕೊಟ್ಟ ವರ್ಷ ಹೊರಗಿನ ಕಾಳು ಒಳಗೆ ಬರಲು ದಾರಿಯೇ ಇರಲಿಲ್ಲ.

ಬರಗಾಲದ ಬಳಿಕ ನೇಮಕವಾದ ಕ್ಷಾಮ ಆಯೋಗವು 1880ರ ವರದಿಯಲ್ಲಿ, ಕ್ಷಾಮಪೀಡಿತ ಪ್ರದೇಶಗಳ ರಕ್ಷಣೆಗೆ ತುರ್ತಾಗಿ 5,000 ಮೈಲಿಯಷ್ಟು ಹೊಸ ರೈಲು ಮಾರ್ಗ ಬೇಕೆಂದು ಹೇಳಿತು. ಆ ಚಿಂತನೆಯ ಫಲವಾಗಿ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. ಸೊಲ್ಲಾಪುರದ ಪಕ್ಕದ ಹೋಟಗಿಯಿಂದ ಗದಗದವರೆಗಿನ ಮೀಟರ್‌ಗೇಜ್ (ಸಣ್ಣ ಹಳಿ) ಮಾರ್ಗವನ್ನು ಅದು 1884ರಲ್ಲಿ ಸಂಚಾರಕ್ಕೆ ತೆರೆಯಿತು. ಉತ್ತರದಿಂದ ದಕ್ಷಿಣಕ್ಕೆ ಇಳಿಯುವ ಈ ಮಾರ್ಗ ಭೀಮಾ, ಕೃಷ್ಣಾ, ಘಟಪ್ರಭಾ, ಮಲಪ್ರಭಾ ಎಂಬ ನಾಲ್ಕು ನದಿಗಳನ್ನು ಒಂದರ ಹಿಂದೊಂದರಂತೆ ದಾಟುತ್ತದೆ. ಆಗಿನ ಸಲಕರಣೆಗಳಲ್ಲಿ ಅದು ಸಣ್ಣ ಕೆಲಸವಲ್ಲ.

ಆದರೆ ಧಾನ್ಯ ತರಬಲ್ಲ ರೈಲು ಧಾನ್ಯವನ್ನು ಒಯ್ಯಲೂ ಬಲ್ಲದು. ಒಳ್ಳೆಯ ಬೆಳೆ ಬಂದ ವರ್ಷ ನಮ್ಮ ಜೋಳ, ಹತ್ತಿ ಇದೇ ಹಳಿಯ ಮೇಲೆ ದೂರದ ಪೇಟೆಗಳಿಗೆ ಹೋದವು. ಹಗೇವುಗಳಲ್ಲಿ, ಅಂದರೆ ನೆಲದೊಳಗಿನ ಕಣಜಗಳಲ್ಲಿ, ವರ್ಷಗಟ್ಟಲೆ ಜೋಳ ಕೂಡಿಡುವ ರೂಢಿ ಸಡಿಲವಾಗಲು ಪೇಟೆಯ ಈ ಸೆಳೆತವೂ ಒಂದು ಕಾರಣ ಎಂಬುದು ನಮ್ಮ ಅಭಿಪ್ರಾಯ. ರೈಲಿನ ಉಪಕಾರವನ್ನು ಹೇಳುವಾಗ ಇದನ್ನು ಮರೆಯಬಾರದು.

ನಿಲ್ದಾಣ ಕೋಟೆಯ ಹೊರಗೆ ಏಕೆ ಎಂಬುದಕ್ಕೆ ನೆಲವೇ ಉತ್ತರ ಹೇಳುತ್ತದೆ. ಸರಕು ಇಳಿಸಲು, ಗಾಡಿಗಳು ತಿರುಗಲು, ಗೋದಾಮು ಕಟ್ಟಲು ಸಮತಟ್ಟಾದ ಬಯಲು ಬೇಕು. ಗೋಡೆಯ ಒಳಗೆ ಆಗ ಜನವಸತಿಗಿಂತ ಪಾಳುಬಿದ್ದ ಕಟ್ಟಡಗಳೇ ಹೆಚ್ಚು. ಊರಿನ ಪೂರ್ವಕ್ಕೆ, ಗೋಡೆಯನ್ನೂ ಕಂದಕವನ್ನೂ ಮುಟ್ಟದೆ ಹಳಿಯನ್ನು ನೇರವಾಗಿ ಒಯ್ಯಲು ಅವಕಾಶವಿತ್ತು. ಗೋಳಗುಮ್ಮಟವೂ ಊರಿನ ಪೂರ್ವ ಅಂಚಿನಲ್ಲೇ ಇರುವುದರಿಂದ, ಹೋಟಗಿ ಕಡೆಯಿಂದ ಬಂದರೂ ಗದಗದ ಕಡೆಯಿಂದ ಬಂದರೂ ನಿಲ್ದಾಣಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಆ ಗುಮ್ಮಟವೇ. ಹಿರಿಯರ ಮಾತು ಹುಟ್ಟಿದ್ದು ಬಹುಶಃ ಗುಮ್ಮಟ, ನಿಲ್ದಾಣ ಎರಡೂ ಹೀಗೆ ಹತ್ತಿರದಲ್ಲಿರುವುದರಿಂದ. ರೈಲು ಬಂದ ಮೇಲೆ ಪ್ರವಾಸಿಗರು ಬಂದದ್ದಂತೂ ನಿಜ. ಗುಮ್ಮಟದ ಪಕ್ಕದ ಮಸೀದಿಯನ್ನೇ ಕೆಲಕಾಲ ಪ್ರವಾಸಿ ಬಂಗಲೆಯಾಗಿ ಬಳಸಲಾಗುತ್ತಿತ್ತು, ಮುಂದಿನ ನಗಾರಖಾನೆಯಲ್ಲಿ 1892ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು.

ಪ್ರಶ್ನೆ: ನಮ್ಮ ಕಲಾದಗಿ ಜಿಲ್ಲಾ ಕೇಂದ್ರವಾಗಿತ್ತು. ರೈಲು ವಿಜಯಪುರಕ್ಕೆ ಹೋದ ಕಾರಣ ನಮ್ಮೂರಿನ ಭಾಗ್ಯವೂ ಅಲ್ಲಿಗೆ ಹೋಯಿತೇ?
— ನಿವೃತ್ತ ಶಿಕ್ಷಕರು, ಕಲಾದಗಿ

ಉತ್ತರ: ತಮ್ಮ ಪ್ರಶ್ನೆಯ ಹಿಂದಿನ ನೋವು ನಮಗೆ ಅರ್ಥವಾಗುತ್ತದೆ. 1864ರಲ್ಲಿ ಹೊಸ ಜಿಲ್ಲೆಯಾದಾಗ ಕಲಾದಗಿಯೇ ಅದರ ಕೇಂದ್ರ. ಹೋಟಗಿ–ಗದಗ ಮಾರ್ಗ 1884ರಲ್ಲಿ ತೆರೆಯಿತು, ಮರುವರ್ಷವೇ, ಅಂದರೆ 1885ರಲ್ಲಿ, ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ (ಈಗಿನ ವಿಜಯಪುರ) ಬದಲಾಯಿತು, ಜಿಲ್ಲೆಯ ಹೆಸರೂ ಬದಲಾಯಿತು. ಇವೆರಡೂ ಹೀಗೆ ಬೆನ್ನುಬೆನ್ನಿಗೆ ನಡೆದದ್ದು ಆಕಸ್ಮಿಕವಲ್ಲ. ಕಲಾದಗಿಗೆ ಹಳಿ ಮುಟ್ಟಲಿಲ್ಲ. ಮಾರ್ಗ ಬಾಗಲಕೋಟೆಯ ಮೇಲೆ ಸಾಗಿ ಬಾದಾಮಿಯ ಕಡೆಗೆ ತಿರುಗಿತು.

ಆದರೆ ರೈಲೊಂದನ್ನೇ ಕಾರಣವೆನ್ನುವುದು ಸರಿಯಾಗದು. ಬಿಜಾಪುರದಲ್ಲಿ ಆದಿಲಶಾಹಿ ಕಾಲದ ದೊಡ್ಡ ದೊಡ್ಡ ಮಹಲುಗಳು ಖಾಲಿ ಬಿದ್ದಿದ್ದವು. ಹೊಸದಾಗಿ ಕಚೇರಿ ಕಟ್ಟುವುದಕ್ಕಿಂತ ಅವನ್ನು ದುರಸ್ತಿ ಮಾಡಿಸಿ ಬಳಸುವುದು ಸರಕಾರಕ್ಕೆ ಸುಲಭವೆನಿಸಿತು. ಚೀನಿ ಮಹಲಿನಲ್ಲಿ ಕಚೇರಿಗಳು ಕುಳಿತದ್ದು, ಆನಂದ ಮಹಲು ಅಧಿಕಾರಿಗಳ ಬಳಕೆಗೆ ಸಿಕ್ಕಿದ್ದು ಹೀಗೆ. ತಯಾರು ಕಟ್ಟಡ ಮತ್ತು ತಯಾರಾಗುತ್ತಿದ್ದ ರೈಲು ಎರಡೂ ಒಂದೇ ಊರಿನಲ್ಲಿ ಕೂಡಿದ್ದರಿಂದ ಕಲಾದಗಿ ಹಿಂದೆ ಬಿತ್ತು. 1901ರ ಗಣತಿಯಲ್ಲಿ ಬಿಜಾಪುರ ಪಟ್ಟಣದ ಜನಸಂಖ್ಯೆ 23,811. ಇದು ಇಪ್ಪತ್ತು ವರ್ಷದ ಹಿಂದಿನದಕ್ಕಿಂತ ಸುಮಾರು ಎರಡು ಪಟ್ಟು. ಔರಂಗಜೇಬನ 1686ರ ಮುತ್ತಿಗೆಯ ನಂತರ ಕರಗುತ್ತಲೇ ಬಂದಿದ್ದ ಊರು ಮತ್ತೆ ತುಂಬತೊಡಗಿದ್ದು ನಿಲ್ದಾಣ ಮತ್ತು ಕಚೇರಿ ಬಂದ ಮೇಲೆ.

ಈಗ ಬಾಗಲಕೋಟೆ–ಕುಡಚಿ ಹೊಸ ಮಾರ್ಗದ ಹಳಿ ತಮ್ಮ ಭಾಗದ ಖಜ್ಜಿಡೋಣಿಯನ್ನು ಮುಟ್ಟಿದೆ. ಹಣ್ಣಿನ ತೋಟಗಳಿಗೆ ಹೆಸರಾದ ಕಲಾದಗಿಗೆ ಈ ಮಾರ್ಗ ಪೂರ್ಣವಾದರೆ ಸಿಗುವ ಪ್ರಯೋಜನ ದೊಡ್ಡದು.

ಪ್ರಶ್ನೆ: ರೈಲು ಮೊದಲು ಬಂದದ್ದು ಬೆಳಗಾವಿಗೋ ವಿಜಯಪುರಕ್ಕೋ? ಎರಡೂ ಊರುಗಳ ನಡುವೆ ನೇರ ಮಾರ್ಗವೇಕಿಲ್ಲ?
— ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ವಿಜಯಪುರಕ್ಕೆ 1884ರಲ್ಲಿ, ಬೆಳಗಾವಿಗೆ 1887ರಲ್ಲಿ. ಹಳಿ ಹಾಕಿದ ಕಂಪನಿ ಒಂದೇ ಆದರೂ ಉದ್ದೇಶ ಬೇರೆ ಬೇರೆ. ಒಂದು ಹೋಟಗಿಯನ್ನು ಗದಗಕ್ಕೆ ಜೋಡಿಸಿತು, ಇನ್ನೊಂದು ಲೋಂಡಾ, ಮಿರಜ್ ಮೇಲೆ ಪುಣೆಯತ್ತ ಸಾಗಿತು. ಎರಡೂ ಉತ್ತರ–ದಕ್ಷಿಣವಾಗಿ ಓಡುವ ಮಾರ್ಗಗಳು. ನಡುವೆ ಪೂರ್ವ–ಪಶ್ಚಿಮದ ಕೊಂಡಿ ಇಲ್ಲ. ಆದ್ದರಿಂದ ರೈಲಿನಲ್ಲೇ ಹೋಗಬೇಕೆಂದರೆ ಗದಗ, ಹುಬ್ಬಳ್ಳಿ, ಲೋಂಡಾ ಸುತ್ತಬೇಕು. 142 ಕಿಲೋಮೀಟರ್ ಉದ್ದದ ಬಾಗಲಕೋಟೆ–ಕುಡಚಿ ಮಾರ್ಗ ಮುಗಿದ ದಿನ ಈ ಕೊರತೆ ನೀಗುತ್ತದೆ, ಏಕೆಂದರೆ ಕುಡಚಿ ಇರುವುದು ಮಿರಜ್–ಬೆಳಗಾವಿ ಮಾರ್ಗದಲ್ಲಿ.

ಪ್ರಶ್ನೆ: ನಮ್ಮ ತಂದೆಯವರು ಕಾಳಿನ ವ್ಯಾಪಾರಿಗಳು. ಹೋಟಗಿಯಲ್ಲಿ ಚೀಲ ಬದಲಿಸುವ ತಾಪತ್ರಯದ ಬಗ್ಗೆ ಅವರು ಹೇಳುತ್ತಿದ್ದರು. ಅದೇನೆಂದು ವಿವರಿಸುವಿರಾ? ದೊಡ್ಡ ಹಳಿ ಬಂದದ್ದು ಯಾವಾಗ?
— ವರ್ತಕರು, ಬಾಗಲಕೋಟೆ

ಉತ್ತರ: ಹೋಟಗಿಯ ಮೇಲೆ ಹಾದುಹೋಗುವ ಮುಂಬಯಿ–ಮದ್ರಾಸ್ ಮಾರ್ಗದ ಎರಡು ಹಳಿಗಳ ನಡುವಿನ ಅಂತರ 1,676 ಮಿಲಿಮೀಟರ್, ನಮ್ಮ ಮಾರ್ಗದ ಅಂತರ 1,000 ಮಿಲಿಮೀಟರ್ ಮಾತ್ರ. ಕಡಿಮೆ ಖರ್ಚಿನಲ್ಲಿ ಬೇಗ ಮುಗಿಯಬೇಕಾದ ಬರಗಾಲದ ಮಾರ್ಗಕ್ಕೆ ಸಣ್ಣ ಹಳಿಯೇ ಸಾಕೆಂದು ಆಗ ನಿರ್ಧರಿಸಿದರು. ಅದರ ಬೆಲೆಯನ್ನು ನೂರು ವರ್ಷಕ್ಕೂ ಮೇಲ್ಪಟ್ಟು ತೆತ್ತವರು ಇಲ್ಲಿಯ ವ್ಯಾಪಾರಿಗಳು ಮತ್ತು ಪ್ರಯಾಣಿಕರು. ಒಂದು ಹಳಿಯ ಗಾಡಿ ಇನ್ನೊಂದರ ಮೇಲೆ ಓಡದು. ಬಾಗಲಕೋಟೆಯಲ್ಲಿ ತುಂಬಿದ ಜೋಳದ ಚೀಲ ಮುಂಬಯಿ ಕಡೆಗೆ ಹೋಗಬೇಕಾದರೆ ಹೋಟಗಿಯಲ್ಲಿ ಹಮಾಲರು ಸಣ್ಣ ವ್ಯಾಗನ್ನಿನಿಂದ ಒಂದೊಂದೇ ಚೀಲವನ್ನು ಬೆನ್ನ ಮೇಲೆ ಹೊತ್ತು ದೊಡ್ಡ ವ್ಯಾಗನ್ನಿಗೆ ಏರಿಸಬೇಕಿತ್ತು. ಕೊಕ್ಕೆ ತಾಗಿ ಚೀಲ ಹರಿದರೆ ಕಾಳು ಸೋರುತ್ತಿತ್ತು. ಆ ಕಡೆಯ ವ್ಯಾಗನ್ ಬರುವುದು ತಡವಾದರೆ ಮಾಲು ಅಲ್ಲೇ ಕಾಯುತ್ತಿತ್ತು. ಹಮಾಲಿ ಎರಡು ಸಲ ಬೀಳುತ್ತಿತ್ತು. ಪ್ರಯಾಣಿಕರದೂ ಇದೇ ಕಥೆ: ಟ್ರಂಕು, ಬುತ್ತಿಗಂಟು, ಮಕ್ಕಳೊಂದಿಗೆ ಇಳಿದು ಇನ್ನೊಂದು ಗಾಡಿ ಹಿಡಿಯಬೇಕು.

ಹೋಟಗಿ ಕಡೆಯಿಂದ ಹಂತಹಂತವಾಗಿ ಆರಂಭವಾದ ಹಳಿ ಪರಿವರ್ತನೆ 2008ರ ಕೊನೆಯ ವೇಳೆಗೆ ಗದಗದವರೆಗೆ ಪೂರ್ಣವಾಯಿತು. ಬೆಳಗಾವಿಗೆ 1990ರ ದಶಕದಲ್ಲೇ ದೊಡ್ಡ ಹಳಿ ಬಂದಿತ್ತು ಎಂಬುದನ್ನು ನೆನೆದರೆ ವಿಜಯಪುರ, ಬಾಗಲಕೋಟೆಗಳು ಎಷ್ಟು ಕಾದವು ಎಂಬುದು ತಿಳಿಯುತ್ತದೆ. ನಂತರ ವಿದ್ಯುದೀಕರಣವಾಯಿತು, 284 ಕಿಲೋಮೀಟರ್ ಉದ್ದದ ಇಡೀ ಮಾರ್ಗಕ್ಕೆ ಜೋಡಿ ಹಳಿಯ ಕೆಲಸ ಮಂಜೂರಾಯಿತು. ಜೋಡಿ ಹಳಿಗೆ ವೇಗ ಸಿಕ್ಕಿದ್ದರಲ್ಲಿ ಕೂಡಗಿಯ ಉಷ್ಣವಿದ್ಯುತ್ ಸ್ಥಾವರದ ಪಾತ್ರ ದೊಡ್ಡದು, ಏಕೆಂದರೆ ಅಲ್ಲಿಗೆ ಕಲ್ಲಿದ್ದಲು ಬರುವುದು ಇದೇ ಹಳಿಯ ಮೇಲೆ.

ಆಡಳಿತವೂ ಹಲವು ಕೈ ದಾಟಿದೆ. 1908ರಲ್ಲಿ ಕಂಪನಿಯು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಲ್ಲಿ ಸೇರಿತು. 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ, 2003ರಿಂದ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ನೈಋತ್ಯ ರೈಲ್ವೆ. ವಿಜಯಪುರ ಈಗ ಹುಬ್ಬಳ್ಳಿ ವಿಭಾಗದ ನಿಲ್ದಾಣ. ಹೋಟಗಿ ಮಾತ್ರ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗಕ್ಕೆ ಸೇರಿದೆ.

ಪ್ರಶ್ನೆ: ವಿಜಯಪುರದಿಂದ ಬೆಂಗಳೂರಿಗೆ ಹೋಗುವ ಎರಡು ರೈಲುಗಳು ಎರಡು ವಿರುದ್ಧ ದಿಕ್ಕಿಗೆ ಹೊರಡುತ್ತವೆ. ಮೊದಲ ಸಲ ಬಂದವರು ಗಾಬರಿಯಾಗುತ್ತಾರೆ. ಯಾವುದನ್ನು ಹಿಡಿಯಬೇಕು?
— ಓದುಗರು, ಸಿಂದಗಿ

ಉತ್ತರ: ಎರಡೂ ಬೆಂಗಳೂರಿಗೇ ಹೋಗುತ್ತವೆ, ಗಾಬರಿ ಬೇಡ. ಪಂಢರಪುರ–ಮೈಸೂರು ನಡುವಿನ ಗೋಲಗುಂಬಜ್ ಎಕ್ಸ್‌ಪ್ರೆಸ್ ದಕ್ಷಿಣಕ್ಕೆ ಹೊರಟು ಬಾಗಲಕೋಟೆ, ಗದಗ, ಹುಬ್ಬಳ್ಳಿ, ದಾವಣಗೆರೆ ಮೇಲೆ ಹೋಗುತ್ತದೆ. ಬಾಗಲಕೋಟೆ–ಮೈಸೂರು ನಡುವಿನ ಬಸವ ಎಕ್ಸ್‌ಪ್ರೆಸ್ ಉತ್ತರಕ್ಕೆ ಹೊರಟು ಸೊಲ್ಲಾಪುರ ಮುಟ್ಟಿ, ಅಲ್ಲಿಂದ ಕಲಬುರಗಿ, ರಾಯಚೂರು ಮೇಲೆ ಸುತ್ತಿ ಬರುತ್ತದೆ. ಬೆಂಗಳೂರಿಗಷ್ಟೇ ಹೋಗುವವರಿಗೆ ಗೋಲಗುಂಬಜ್ ಹತ್ತಿರದ ದಾರಿ. ನಡುವೆ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಇಳಿಯಬೇಕಾದವರಿಗೆ ಬಸವ ಎಕ್ಸ್‌ಪ್ರೆಸ್ ಅನುಕೂಲ. ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ ಕೇಳಿಕೊಳ್ಳಿರಿ.

ಪ್ರಶ್ನೆ: ಜನರಲ್ ಟಿಕೆಟ್ಟಿಗೆ ಸರದಿಯಲ್ಲಿ ನಿಂತು ರೈಲು ತಪ್ಪಿದ್ದುಂಟು. ಮೊಬೈಲಿನಲ್ಲಿ ತೆಗೆದರೆ ನಡೆಯುತ್ತದೆಯೇ? ಬೆಳಿಗ್ಗೆ ತೆಗೆದ ಟಿಕೆಟ್ ಸಂಜೆಗೆ ಆಗುತ್ತದೆಯೇ?
— ಗೃಹಿಣಿ, ಇಂಡಿ

ಉತ್ತರ: ಮೊಬೈಲ್ ಟಿಕೆಟ್ ಖಂಡಿತ ನಡೆಯುತ್ತದೆ. 2025ರ ಜುಲೈನಲ್ಲಿ ಬಂದ ರೈಲ್‌ಒನ್ ಆ್ಯಪ್‌ನಲ್ಲಿ ಜನರಲ್ ಟಿಕೆಟ್ ತೆಗೆಯಬಹುದು. ಎರಡು ಎಚ್ಚರಿಕೆಗಳು ಮುಖ್ಯ. ಮೊದಲನೆಯದು, ಮನೆಯಿಂದ ಹೊರಡುವಾಗಲೇ ಟಿಕೆಟ್ ತೆಗೆಯಿರಿ. ನಿಲ್ದಾಣದ ಒಳಗೆ ಬಂದ ಮೇಲೆ ಅಥವಾ ಗಾಡಿ ಹತ್ತಿದ ಮೇಲೆ ಕಾಗದರಹಿತ ಟಿಕೆಟ್ ಸಿಗುವುದಿಲ್ಲ, ಆಗ ನಿಲ್ದಾಣದಲ್ಲಿ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಾಗುತ್ತದೆ. ಎರಡನೆಯದು, ತಪಾಸಣೆಗೆ ಬಂದವರಿಗೆ ಟಿಕೆಟ್ಟನ್ನು ಆ್ಯಪ್ ತೆರೆದೇ ತೋರಿಸಬೇಕು. ಅದರ ಫೋಟೊ ತೆಗೆದು ಮಗನಿಗೋ ಅಳಿಯನಿಗೋ ಕಳಿಸಿದರೆ ಅದು ಟಿಕೆಟ್ ಆಗುವುದಿಲ್ಲ.

ಬೆಳಿಗ್ಗೆಯ ಟಿಕೆಟ್ ಸಂಜೆಗೆ ಸಾಮಾನ್ಯವಾಗಿ ಆಗುವುದಿಲ್ಲ. 199 ಕಿಲೋಮೀಟರ್‌ವರೆಗಿನ ಪ್ರಯಾಣಕ್ಕೆ ಟಿಕೆಟ್ ತೆಗೆದ ಮೂರು ಗಂಟೆಯೊಳಗೆ ಹೊರಡಬೇಕು, ಅಷ್ಟರಲ್ಲಿ ಆ ಊರಿಗೆ ಗಾಡಿಯೇ ಇಲ್ಲದಿದ್ದರೆ ಮುಂದಿನ ಮೊದಲ ಗಾಡಿಗೆ ಅದು ನಡೆಯುತ್ತದೆ. 200 ಕಿಲೋಮೀಟರ್ ಅಥವಾ ಅದಕ್ಕೂ ಹೆಚ್ಚಾದರೆ ಮೂರು ದಿನ ಮುಂಚಿತವಾಗಿ ತೆಗೆಯಬಹುದು. ವಿಜಯಪುರದಿಂದ ಗದಗ 190 ಕಿಲೋಮೀಟರ್ ಆದ್ದರಿಂದ ಮೂರು ಗಂಟೆಯ ನಿಯಮಕ್ಕೆ ಬರುತ್ತದೆ, ಅಲ್ಲಿಂದ ಮುಂದಿನ ಹುಬ್ಬಳ್ಳಿ ಬರುವುದಿಲ್ಲ. ಬಳಗದ ಮದುವೆ, ಜಾತ್ರೆಗೆ ಹೋಗುವವರು ಈ ವ್ಯತ್ಯಾಸವನ್ನು ತಿಳಿದಿದ್ದರೆ ಸರದಿಯ ಕಾಟ ತಪ್ಪುತ್ತದೆ.

ಪ್ರಶ್ನೆ: ವಯಸ್ಸಾದ ತಂದೆ ತಾಯಿಯನ್ನು ಕರೆದುಕೊಂಡು ಹೋಗಬೇಕಾಗಿದೆ. ತಾಯಿಗೆ ಮೆಟ್ಟಿಲು ಹತ್ತಲಾಗದು. ಹಿರಿಯ ನಾಗರಿಕರಿಗೆ ಏನೇನು ಅನುಕೂಲ ಇದೆ?
— ಓದುಗರು, ಬಸವನ ಬಾಗೇವಾಡಿ

ಉತ್ತರ: ಮುಂಚೆ 60 ದಾಟಿದ ಗಂಡಸರಿಗೆ ದರದಲ್ಲಿ ನೂರಕ್ಕೆ 40, 58 ದಾಟಿದ ಹೆಂಗಸರಿಗೆ ನೂರಕ್ಕೆ 50 ರಿಯಾಯಿತಿ ಇತ್ತು. 2020ರ ಮಾರ್ಚ್ 20ರಂದು ಅದನ್ನು ನಿಲ್ಲಿಸಿದರು. ಸಣ್ಣ ಪಿಂಚಣಿಯಲ್ಲಿ ಬದುಕುವ ಹಿರಿಯರಿಗೆ ಅದು ಮರಳಿ ಸಿಗಲೇಬೇಕು ಎಂಬುದು ಈ ಅಂಕಣದ ನಿಲುವು. ಕೆಳಗಿನ ಬರ್ತಿನ ಕೋಟಾ ಮಾತ್ರ ಉಳಿದಿದೆ: 60 ದಾಟಿದ ಗಂಡಸರು, 45 ದಾಟಿದ ಹೆಂಗಸರು ಅದಕ್ಕೆ ಅರ್ಹರು. ಬುಕಿಂಗ್ ಮಾಡುವಾಗ ವಯಸ್ಸನ್ನು ಸರಿಯಾಗಿ ನಮೂದಿಸಿ, ಆ ಕೋಟಾವನ್ನೇ ಆರಿಸಿರಿ. ಒಂದು ಟಿಕೆಟ್ಟಿನಲ್ಲಿ ಮನೆಮಂದಿಯೆಲ್ಲ ಸೇರಿದರೆ ಈ ಕೋಟಾ ಸಿಗದು, ಆದ್ದರಿಂದ ಇಬ್ಬರು ಹಿರಿಯರ ಟಿಕೆಟ್ಟನ್ನು ಬೇರೆಯಾಗಿ ತೆಗೆಯುವುದು ಒಳ್ಳೆಯದು.

ಗಾಲಿಕುರ್ಚಿಯನ್ನು ಸ್ಟೇಷನ್ ಮಾಸ್ತರರ ಕೋಣೆಯಲ್ಲಿ ಕೇಳಬೇಕು. ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂಬುದನ್ನು ಬಂದ ಕೂಡಲೇ ವಿಚಾರಿಸಿ. ಮೇಲ್ಸೇತುವೆ ದಾಟುವ ಪ್ರಸಂಗ ಬಂದರೆ ಅದಕ್ಕೆ ಬೇಕಾದ ಸಮಯ, ಸಹಾಯ ಎರಡನ್ನೂ ಮೊದಲೇ ಹೊಂದಿಸಿಕೊಳ್ಳಬಹುದು. ಅವಸರದಲ್ಲಿ ಹಳಿ ದಾಟಿಸುವ ಕೆಲಸ ಮಾತ್ರ ಯಾರೂ ಮಾಡಬಾರದು. ವಿದ್ಯುತ್ ಗಾಡಿಗಳು ಹೆಚ್ಚು ಸದ್ದಿಲ್ಲದೆ ಬರುತ್ತವೆ. ಬಿಡಲು ಬಂದವರು 10 ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದರೆ ಎರಡು ಗಂಟೆ ಒಳಗಿರಬಹುದು. ರಾತ್ರಿ ಯಾವುದೇ ತೊಂದರೆಯಾದರೆ, ಭದ್ರತೆಯ ವಿಷಯವಾದರೂ, ಅದೇ 139.

ಪ್ರಶ್ನೆ: ಬಾಗಲಕೋಟೆ ನಿಲ್ದಾಣ ಹೊಸದಾಗಿ ಉದ್ಘಾಟನೆಯಾಯಿತು. ನಮ್ಮ ವಿಜಯಪುರಕ್ಕೂ ಅಂಥ ಸೌಲಭ್ಯ ಬರುತ್ತದೆಯೇ? ಯಾವ ನಿಲ್ದಾಣಕ್ಕೆ ಏನು ಬೇಕೆಂದು ತೀರ್ಮಾನಿಸುವವರು ಯಾರು? ನಾವು ಯಾರನ್ನು ಕೇಳಬೇಕು?
— ಬಡಾವಣೆಯ ನಿವಾಸಿಗಳು, ವಿಜಯಪುರ

ಉತ್ತರ: 2023ರ ಆಗಸ್ಟ್ 6ರಂದು ಶಿಲಾನ್ಯಾಸಗಳೊಂದಿಗೆ ಆರಂಭವಾದ ಅಮೃತ ಭಾರತ ನಿಲ್ದಾಣ ಯೋಜನೆಯಲ್ಲಿ ಬಾಗಲಕೋಟೆ, ಬಾದಾಮಿ, ಆಲಮಟ್ಟಿಗಳ ಜೊತೆ ವಿಜಯಪುರದ ಹೆಸರೂ ಇದೆ. 2025ರ ಮೇ 22ರಂದು ದೇಶದ 103 ನಿಲ್ದಾಣಗಳು ಉದ್ಘಾಟನೆಯಾದಾಗ ನಮ್ಮ ರಾಜ್ಯದಿಂದ ಬಾಗಲಕೋಟೆ, ಗದಗ, ಗೋಕಾಕ ರೋಡ್, ಧಾರವಾಡ, ಮುನಿರಾಬಾದ್ ಆ ಪಟ್ಟಿಯಲ್ಲಿದ್ದವು. ಬೆಳಗಾವಿಯ ಹೊಸ ಕಟ್ಟಡ ಅದಕ್ಕೂ ಮೊದಲು, 2023ರ ಫೆಬ್ರವರಿ 27ರಂದು, ಸುಮಾರು 190 ಕೋಟಿ ರೂಪಾಯಿ ವೆಚ್ಚದಲ್ಲಿ ತೆರೆದುಕೊಂಡಿತು.

ಯಾವ ನಿಲ್ದಾಣಕ್ಕೆ ಎಷ್ಟು ನಲ್ಲಿ, ಎಷ್ಟು ಆಸನ, ಎಷ್ಟು ಶೌಚಾಲಯ, ಎಷ್ಟು ಉದ್ದದ ಚಾವಣಿ ಎಂಬುದನ್ನು ರೈಲ್ವೆ ತನ್ನ ವರ್ಗೀಕರಣದ ಮೇಲೆ ನಿಗದಿ ಮಾಡುತ್ತದೆ. ವರ್ಷದ ಟಿಕೆಟ್ ಆದಾಯ ಮತ್ತು ಪ್ರಯಾಣಿಕರ ಸಂಖ್ಯೆ ಈ ವರ್ಗೀಕರಣಕ್ಕೆ ಆಧಾರ. ಈ ಅಳತೆಯ ಬಗ್ಗೆ ನಮಗೆ ತಕರಾರಿದೆ. ವಿಜಯಪುರ ನಿಲ್ದಾಣದಲ್ಲಿ ನಿಂತು ನೋಡಿದವರಿಗೆ ಗೊತ್ತು, ಇಲ್ಲಿಯ ಜನಸಂದಣಿ ವರ್ಷಪೂರ್ತಿ ಒಂದೇ ಸಮನೆ ಇರುವುದಿಲ್ಲ. ಆಷಾಢ, ಕಾರ್ತಿಕ ಏಕಾದಶಿಗೆ ತಾಳ ಹಿಡಿದು ಪಂಢರಪುರಕ್ಕೆ ಹೊರಡುವ ವಾರಕರಿಗಳು. ಹಿಂಗಾರಿ ಕೈಕೊಟ್ಟ ವರ್ಷ ರೊಟ್ಟಿಗಂಟು, ಪಾತ್ರೆ, ಹಾಸಿಗೆ ಸುತ್ತಿಕೊಂಡು ಮಕ್ಕಳ ಸಮೇತ ಮಹಾರಾಷ್ಟ್ರದ ಕಡೆ ದುಡಿಯಲು ಹೋಗುವ ಕುಟುಂಬಗಳು. ಇವರ ಟಿಕೆಟ್ ಅಗ್ಗದ ಜನರಲ್ ಟಿಕೆಟ್, ಹಾಗಾಗಿ ಆದಾಯದ ಲೆಕ್ಕದಲ್ಲಿ ಇವರ ತೂಕ ಕಡಿಮೆ. ಆದರೆ ನಿಲ್ದಾಣದಲ್ಲಿ ಅತಿ ಹೆಚ್ಚು ಹೊತ್ತು ಕಾಯುವವರು, ನೀರು ನೆರಳು ಹೆಚ್ಚು ಬೇಕಾದವರು ಇವರೇ. ಬರಗಾಲದ ಜನಕ್ಕಾಗಿ ಹಾಕಿದ ಹಳಿಯ ಮೇಲೆ ಸೌಲಭ್ಯದ ಲೆಕ್ಕ ಆ ಜನರಿಂದಲೇ ಶುರುವಾಗಬೇಕು. ಮುಂಭಾಗದ ಕಮಾನಿಗಿಂತ ಜನರಲ್ ಬೋಗಿ ನಿಲ್ಲುವ ತುದಿಯವರೆಗೆ ಚಾವಣಿ, ಅಲ್ಲೊಂದು ಕುಡಿಯುವ ನೀರಿನ ನಲ್ಲಿ, ಮಗುವಿಗೆ ಹಾಲೂಡಿಸಲು ಮರೆಯ ಜಾಗ, ರಾತ್ರಿಯೂ ಬೀಗ ಬೀಳದ ಶೌಚಾಲಯ ಮೊದಲು ಆಗಬೇಕು. ತಾವು ಮನವಿ ಬರೆಯುವುದಾದರೆ ಇವುಗಳನ್ನೇ ಮೊದಲು ಬರೆಯಿರಿ.

ಮನವಿಯನ್ನು ಹುಬ್ಬಳ್ಳಿಯ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ ಬರೆದು, ಪ್ರತಿಯನ್ನು ಸಂಸದರಿಗೂ ವಿಭಾಗೀಯ ರೈಲ್ವೆ ಬಳಕೆದಾರರ ಸಮಾಲೋಚನಾ ಸಮಿತಿಗೂ ಕಳಿಸಿರಿ. ನಲ್ಲಿ ಕೆಟ್ಟಿದೆ, ದೀಪ ಉರಿಯುತ್ತಿಲ್ಲ ಎಂಬಂಥ ದಿನನಿತ್ಯದ ದೂರುಗಳಿಗೆ ಅಷ್ಟು ದೂರ ಹೋಗಬೇಕಿಲ್ಲ. ಸ್ಟೇಷನ್ ಮಾಸ್ತರರ ಬಳಿಯ ದೂರು ಪುಸ್ತಕ ಅಥವಾ ರೈಲ್ವೆಯ ದೂರು ಆ್ಯಪ್ ಆದ ರೈಲ್‌ಮದದ್ ಸಾಕು. ಪ್ಲಾಟ್‌ಫಾರ್ಮಿನ ಸಂಖ್ಯೆ, ಹತ್ತಿರದ ಕಂಬ ಅಥವಾ ಅಂಗಡಿಯ ಗುರುತು, ದಿನಾಂಕ, ವೇಳೆ ಬರೆದು, ಸಾಧ್ಯವಾದರೆ ಫೋಟೊ ಲಗತ್ತಿಸಿರಿ. ಮೊಬೈಲಿಗೆ ಬರುವ ನೋಂದಣಿ ಸಂಖ್ಯೆಯನ್ನು ಅಳಿಸದೆ ಇಟ್ಟುಕೊಂಡರೆ, ಕೆಲಸ ಆಗದಿದ್ದಾಗ ಮುಂದಿನ ಮನವಿಯಲ್ಲಿ ಅದನ್ನೇ ಉಲ್ಲೇಖಿಸಬಹುದು.